ತುರ್ತಾಗಿ ಪದ ಬೇಕು: ಮೆದುಳಿನ ಗಡ್ಡೆಗೆ ಅಲ್ಟ್ರಾಸೌಂಡ್

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಹಾಳೆ ಪ್ರೆಸ್ಸಿಗೆ ಹೋಗಬೇಕು. ಮೆದುಳಿನ ಗಡ್ಡೆಯ ಆಪರೇಷನ್‌ಗೆ ಬಂದವರ ಮನೆಯವರ ಕೈಗೆ ಕೊಡುವುದು. ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಇಷ್ಟೇ: ಆಪರೇಷನ್ ನಡೆಯುವಾಗಲೇ ಡಾಕ್ಟರು ಅಲ್ಟ್ರಾಸೌಂಡ್ ಹಾಕಿ ಗಡ್ಡೆ ನೋಡುತ್ತಾರೆ. ಎಲ್ಲಿದೆ, ಎಷ್ಟು ಆಳದಲ್ಲಿದೆ, ತೆಗೆದ ಮೇಲೆ ಚೂರುಪಾರು ಉಳಿದಿದೆಯಾ ಅಂತ.

ನನ್ನ ಕೈಗೆ ಬಂದ ಹಳೆಯ ಅನುವಾದ ಹೀಗಿದೆ: ‘ಶ್ರವಣಾತೀತ ಪ್ರತಿಬಿಂಬನದ ಮೂಲಕ ಗಡ್ಡೆಯ ಮೌಲ್ಯಮಾಪನ’. ಮೌಲ್ಯಮಾಪನ ಅಂದರೆ ನನಗೆ ಎಸ್ಸೆಸ್ಸೆಲ್ಸಿ ಪೇಪರಿನ ಕಟ್ಟು ಕಣ್ಣಮುಂದೆ ಬರುತ್ತದೆ. ಗಡ್ಡೆಗೆ ನೂರಕ್ಕೆ ಎಷ್ಟು ಕೊಡೋಣ?

ಸರಿ ಅಂತ ಸುಮ್ನೆ ‘ಸ್ಕ್ಯಾನಿಂಗ್’ ಎಂದು ಬರೆದೆ. ಶಿರಾದಲ್ಲಿರುವ ದೊಡ್ಡಮ್ಮನಿಗೆ ಫೋನಿನಲ್ಲಿ ಓದಿದೆ. “ಅದು ಬಸುರಿಯರಿಗೆ ಮಾಡೋದಲ್ವೇನೇ? ತಲೆಗೆ ಯಾಕೆ?” ಅಂದರು. ಅವರದೇನು ತಪ್ಪು? ಅವರು ಕಂಡ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೆಲ್ಲ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡೇ ಇರುವುದು.

ದಯವಿಟ್ಟು ಒಂದು ಪದ ಕೊಡಿ.

ಕೋಲಾರದಿಂದ

> ಮೆದುಳಿನ ಗಡ್ಡೆ

ಮೊದಲು ಇದನ್ನು ತಿದ್ದಿ. ಮಿದುಳು. ಮಿದುವಾಗಿರುವುದು ಮಿದುಳು, ಇದರಲ್ಲಿ ಚರ್ಚೆ ಮಾಡಲು ಏನೂ ಇಲ್ಲ. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಇದೇ ‘ಮೆ’ಗೆ ಕೆಂಪು ಶಾಯಿ ಹಾಕಿದ್ದೇನೆ. ‘ಗಡ್ಡೆ’ ನಮ್ಮ ಮುಳಬಾಗಿಲ ಕಡೆಯ ತೆಲುಗು. ಕನ್ನಡದಲ್ಲಿ ಗೆಡ್ಡೆ. ಅದೂ ನೆಲದೊಳಗೆ ಬೆಳೆದರೆ. ಮೈಯೊಳಗೆ ಬೆಳೆದರೆ ಗಂತಿ.

ಚಿಕ್ಕಬಳ್ಳಾಪುರದಿಂದ

ಮೇಷ್ಟ್ರೇ, ತೆಲುಗಿನವರು ಮೆದಡು ಅಂತಾರೆ. ಅವರ ‘ಮೆ’ಗೂ ಕೆಂಪು ಶಾಯಿನಾ? ನಾವು ಉರ್ಲಗಡ್ಡೆ ಬೆಳೆದು ತಿನ್ನುವ ಜನ. ಅಕ್ಕತಂಗಿಯರ ಮನೆಯ ಪಾತ್ರೆ ಅದಲುಬದಲಾದರೆ ಯಾರೂ ಪಂಚಾಯ್ತಿ ಸೇರಿಸಲ್ಲ. ಗಂತಿ ಅಂದರೆ ನಮ್ಮಲ್ಲಿ ಯಾರಿಗೂ ತಿಳಿಯಲ್ಲ.

ತಿಪಟೂರಿನಿಂದ

ಶ್ರವಣಾತೀತ ಸಂಸ್ಕೃತ, ಅಲ್ಟ್ರಾಸೌಂಡ್ ಇಂಗ್ಲಿಷು. ನಮ್ಮಲ್ಲಿ ಬೇರು ಇಲ್ಲವೇ? ಕಿವಿಗೆ ಕೇಳುವುದು 20,000 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದನ್ನು ಮೀರಿದ ಉಲಿ ‘ಮೀರುಲಿ’. ಅದರಿಂದ ಮೂಡುವ ಚಿತ್ರ ‘ಮೀರುಲಿ ತಿಟ್ಟ’. ಹತ್ತು ಸಲ ಬರೆದರೆ ಹನ್ನೊಂದನೇ ಸಲ ಜನ ತಾವೇ ಹೇಳುತ್ತಾರೆ.

ಚಿಕ್ಕಬಳ್ಳಾಪುರದಿಂದ

ಹರ್ಟ್ಸ್ ಯಾವ ಬೇರಿನದು ಸ್ವಾಮಿ?

ಗೌರಿಬಿದನೂರಿನಿಂದ

ನಾನು ಸ್ಕ್ಯಾನಿಂಗ್ ರೂಮಿನಲ್ಲಿ ಕೆಲಸ ಮಾಡುವವಳು. ಮೇಡಂ, ಒಂದೇ ಪದಕ್ಕೆ ಯಾಕೆ ಹಠ? ಎರಡು ವಾಕ್ಯ ಬರೆದುಬಿಡಿ.

ದೊಡ್ಡಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ದೊಡ್ಡವರ ತಲೆಬುರುಡೆ ಈ ಶಬ್ದವನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ. ಆಸ್ಟ್ರಿಯಾದ ಡಸಿಕ್ ಎಂಬ ಡಾಕ್ಟರು 1942ರಲ್ಲೇ ಬುರುಡೆಯ ಮೂಲಕ ಗಡ್ಡೆ ಹುಡುಕಲು ಹೊರಟಿದ್ದರು. ಮೆದುಳಿನ ಚಿತ್ರ ಅಂದುಕೊಂಡದ್ದು ಬಹುಮಟ್ಟಿಗೆ ಮೂಳೆಯದೇ ಆಟ ಅಂತ ಆಮೇಲೆ ಗೊತ್ತಾಯಿತು. ಎಳೆಮಕ್ಕಳಿಗಾದರೆ ನೆತ್ತಿ ಮೆತ್ತಗಿರುತ್ತದೆ, ಅಜ್ಜಿಯರು ಎಣ್ಣೆ ಒತ್ತುತ್ತಾರಲ್ಲ, ಆ ಜಾಗ. ಅಲ್ಲಿಂದ ನೋಡಬಹುದು. ದೊಡ್ಡವರಿಗೆ ಗಡ್ಡೆ ಚೆನ್ನಾಗಿ ಕಾಣಬೇಕಾದರೆ ಆಪರೇಷನ್‌ನಲ್ಲಿ ಮೂಳೆ ತೆಗೆದ ಮೇಲೆಯೇ. ಹಾಗಾಗಿ ‘ಮೂಳೆ ತೆಗೆದ ಮೇಲೆ’ ಅನ್ನುವ ಮಾತು ಹಾಳೆಯಲ್ಲಿ ಇರಲೇಬೇಕು.

“ಎಂಆರ್‌ಐ ಮಾಡಿಸಿದೀವಲ್ಲ, ಮತ್ತೆ ಇದ್ಯಾಕೆ” ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ತಲೆ ತೆರೆದಾಗ ಒಳಗಿನ ನೀರು ಹರಿದುಹೋಗಿ ಮೆದುಳು ಸ್ವಲ್ಪ ಕುಸಿಯುತ್ತದೆ, ಜರುಗುತ್ತದೆ. ಗಡ್ಡೆ ತೆಗೆಯುತ್ತಾ ಹೋದ ಹಾಗೆ ಇನ್ನೂ ಜಾಸ್ತಿ. ಮೊನ್ನೆ ತೆಗೆದ ಚಿತ್ರಕ್ಕೂ ಈಗಿನ ಸ್ಥಿತಿಗೂ ತಾಳೆಯಾಗಲ್ಲ. ಅದಕ್ಕೇ ಅಲ್ಲೇ, ಆಗಲೇ ನೋಡುವುದು. ಗಡ್ಡೆ ಸಾಮಾನ್ಯವಾಗಿ ಸುತ್ತಲಿನ ಮೆದುಳಿಗಿಂತ ಬೆಳ್ಳಗೆ ಕಾಣುತ್ತದೆ.

ಪ್ರತಿಬಿಂಬ ಬೇಡ, ಅದು ಕನ್ನಡಿಯ ಮಾತು. ಇದು ಮಧುಗಿರಿ ಬಂಡೆ ಮುಂದೆ ಕೂಗಿದರೆ ತಿರುಗಿ ಬರುತ್ತದಲ್ಲ, ಆ ಬಗೆ. ಮರುದನಿ. ಹಾಗಂತ ‘ಎಕೋ’ ಅಂತ ಬರೆಯಬೇಡಿ, ಎಲ್ಲರೂ ಹಾರ್ಟು ಅಂದುಕೊಳ್ಳುತ್ತಾರೆ.

ತಿಪಟೂರಿನಿಂದ

ಮರುದನಿ ಒಪ್ಪುತ್ತೇನೆ. ಉಳಿದದ್ದು ಸೋಲೊಪ್ಪಿಕೊಂಡ ಬರಹ. ಹೀಗೆ ಸಾಲ ತರುತ್ತಾ ಹೋದರೆ ನಾಳೆ ‘ತಲೆ’ಗೂ ಇಂಗ್ಲಿಷ್ ಬರುತ್ತದೆ.

ಚಿಕ್ಕಬಳ್ಳಾಪುರದಿಂದ

ಸಾಲ, ಸಾಲ ಅಂತೀರಿ. ಬಡ್ಡಿ ಕೇಳೋಕೆ ಇವತ್ತಿನವರೆಗೆ ಯಾರಾದರೂ ಬಂದಿದ್ದಾರಾ?

ಕೋಲಾರದಿಂದ

ವಿಷಯಾಂತರ. ಮಿದುಳು ಎಂಬುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ತುಮಕೂರಿನಿಂದ

ಗೌರಿಬಿದನೂರಿನ ಮೇಡಂಗೆ ತುಂಬಾ ಥ್ಯಾಂಕ್ಸ್. ಹೀಗೆ ಬರೆದೆ:

‘ಆಪರೇಷನ್‌ನಲ್ಲಿ ತಲೆಬುರುಡೆಯ ಮೂಳೆ ತೆಗೆದ ಮೇಲೆ, ಮೆದುಳಿನ ಮೇಲೆ ಸಣ್ಣ ಪ್ರೋಬ್ (ಶಬ್ದ ಕಳಿಸಿ ಮರುದನಿ ಹಿಡಿಯುವ ಸಾಧನ) ಇಟ್ಟು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಾರೆ. ಕಿವಿಗೆ ಕೇಳದ ಶಬ್ದದ ಮರುದನಿಯಿಂದ ಚಿತ್ರ ಮೂಡುತ್ತದೆ. ಗಡ್ಡೆ ಎಲ್ಲಿದೆ, ಇನ್ನೂ ಎಷ್ಟು ಉಳಿದಿದೆ ಎಂದು ಡಾಕ್ಟರು ಆಗಲೇ ನೋಡಿಕೊಳ್ಳುತ್ತಾರೆ.’

ದೊಡ್ಡಮ್ಮನಿಗೆ ಓದಿದೆ. “ಮೂಳೆ ವಾಪಸ್ ಇಡ್ತಾರಾ?” ಅಂದರು. ಅದನ್ನು ನಾಳೆ ಬೆಳಿಗ್ಗೆ ಡಾಕ್ಟರನ್ನೇ ಕೇಳಿ ಇನ್ನೊಂದು ಸಾಲು ಸೇರಿಸುತ್ತೇನೆ.

ಕೋಲಾರದಿಂದ

‘ಮೆ’ ಹಾಗೇ ಉಳಿದಿದೆ.