ಬದಿಯಡ್ಕದ ತೋಟದ ಮನೆಗೆ ಯಾವ ಸಣ್ಣ ನಾಯಿ ಆದೀತು?

ತೋಟದಮನೆ:
ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ, ಅಮ್ಮ ಇಬ್ಬರೇ. ಸುತ್ತ ಅಡಿಕೆ ತೋಟ, ಅಂಗಳದಿಂದ ಚಾವಡಿಗೆ ಐದು ಮೆಟ್ಟಿಲು, ಎಸಿ ಇಲ್ಲ. ಪಗ್, ಶಿಟ್ಜೂ, ಪೊಮೆರೇನಿಯನ್, ಡ್ಯಾಶ್‌ಹೌಂಡ್ – ಇವುಗಳಲ್ಲಿ ಯಾವುದನ್ನು ತರಬಹುದು? ಮಳೆಗಾಲದಲ್ಲಿ ಏನೇನು ಜಾಗ್ರತೆ ಬೇಕು?

ಪಶುವೈದ್ಯ_ಕುಂಬಳೆ:
ಪಗ್ ಬೇಡವೇ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ನಾಲಗೆಯ ನೀರು ಬೇಗ ಆರುವುದಿಲ್ಲ. ಅದರ ಮೇಲೆ ಪಗ್‌ನದು ಚಪ್ಪಟೆ ಮೂಗು, ಇಕ್ಕಟ್ಟಾದ ಉಸಿರಿನ ದಾರಿ. ಎಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಅಂಗಳದಲ್ಲಿ ಸ್ವಲ್ಪ ಓಡಿದರೂ ಉಷ್ಣಾಘಾತ ಆಗಬಹುದು.

ಡ್ಯಾಶ್‌ಹೌಂಡ್ ಗಟ್ಟಿ ನಾಯಿಯೇ, ಆದರೆ ಅದರ ಬೆನ್ನುಮೂಳೆಯ ಡಿಸ್ಕ್ ಬೇಗ ಸವೆಯುತ್ತದೆ. ದಿನಕ್ಕೆ ಹತ್ತಾರು ಸಲ ಐದು ಮೆಟ್ಟಿಲು ಹಾರಿದರೆ ಡಿಸ್ಕ್ ಜಾರಿ ಹಿಂಗಾಲು ಸ್ವಾಧೀನ ತಪ್ಪಬಹುದು. ಎತ್ತಿಕೊಂಡು ಇಳಿಸುವುದು ಹಿರಿಯರಿಂದ ಆಗುವ ಕೆಲಸವಲ್ಲ.

ನಾನು ಹೇಳುವುದು ಇಂಡಿಯನ್ ಸ್ಪಿಟ್ಜ್. ನಮ್ಮಲ್ಲಿ ಪೊಮೆರೇನಿಯನ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ಅಸಲಿ ಪೊಮೆರೇನಿಯನ್ 2ರಿಂದ 3 ಕೆಜಿ, ಇದು 5ರಿಂದ 7. ಸೆಕೆ ತಡೆಯುತ್ತದೆ, ಗೇಟಿನ ಹತ್ತಿರ ಯಾರೇ ಬಂದರೂ ಬೊಗಳುತ್ತದೆ. ಸೆಕೆಯೆಂದು ಬೋಳಿಸಬೇಡಿ, ಎರಡು ಪದರದ ಆ ಕೂದಲು ಮತ್ತೆ ಸರಿಯಾಗಿ ಬಾರದೆ ಹೋಗಬಹುದು. ವಾರಕ್ಕೆರಡು ಸಲ ಬಾಚಿದರೆ ಸಾಕು. ಶ್ವಾಸನಾಳ ಸೂಕ್ಷ್ಮವಾದ್ದರಿಂದ ಕೊರಳಪಟ್ಟಿಗೆ ಸರಪಳಿ ಹಾಕಿ ಎಳೆಯದೆ, ಎದೆಗೆ ಕಟ್ಟುವ ಹಾರ್ನೆಸ್ ಬಳಸಿ.

ಬಾಚಣಿಗೆ:
ಬೊಗಳುವುದು ಕಡಿಮೆ ಇರಬೇಕೆಂದರೆ ಶಿಟ್ಜೂ ಕೂಡ ಆಗುತ್ತದೆ. ಅದರ ಮೂಗೂ ಗಿಡ್ಡವೇ, ಹಾಗಾಗಿ ಫ್ಯಾನ್ ಇರುವ ಕೋಣೆ ಬೇಕು. ಚಿತ್ರದಲ್ಲಿ ಕಾಣುವ ಉದ್ದ ಕೂದಲಿನ ಆಸೆ ಮಾತ್ರ ಬಿಡಬೇಕು. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಒಂದು, ಒಂದೂವರೆ ಸೆಂಟಿಮೀಟರಿಗೆ ಕತ್ತರಿಸಿ. ಮಳೆ ಮುಗಿಯುವವರೆಗೆ ಆರು ವಾರಕ್ಕೊಮ್ಮೆ ಮತ್ತೆ ಕತ್ತರಿಸಿ. ಮೂರು ವಾರಕ್ಕೊಂದು ಸ್ನಾನ ಸಾಕು. ಬೆರಳ ಸಂದು, ಹೊಟ್ಟೆ, ಕಿವಿಯ ಬುಡ ಪೂರ್ತಿ ಒಣಗಬೇಕು, ಇಲ್ಲವಾದರೆ ಫಂಗಸ್ ಬಂದು ಪಾದ ನೆಕ್ಕುತ್ತಲೇ ಇರುತ್ತದೆ. ಕಿವಿಗೆ ತೆಂಗಿನೆಣ್ಣೆ ಬಿಡಬೇಡಿ, ತೇವ ಒಳಗೇ ನಿಲ್ಲುತ್ತದೆ. ಒಂದು ಕಣ್ಣು ಕಿರಿದು ಮಾಡಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ: ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಗಾಯಕ್ಕೆ ತಡ ಮಾಡುವಂತಿಲ್ಲ.

ಅಡಿಕೆಕೃಷಿ:
ಯಾವ ತಳಿಯಾದರೂ ಇಲ್ಲಿನ ದೊಡ್ಡ ಶತ್ರು ಉಣ್ಣಿ. ಮೈಮೇಲಿನದನ್ನು ಕಿತ್ತರೆ ಮುಗಿಯುವುದಿಲ್ಲ, ಹೆಣ್ಣು ಉಣ್ಣಿ ಕೆಂಪುಕಲ್ಲಿನ ಗೋಡೆಯ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಸಂದುಗಳಿಗೆ ಸಿಮೆಂಟು ತುಂಬಿಸಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ಫ್ಲುರಲಾನರ್ ಮಾತ್ರೆ ತೂಕಕ್ಕೆ ತಕ್ಕಂತೆ ಕೊಟ್ಟರೆ ಸುಮಾರು 12 ವಾರ ರಕ್ಷಣೆ.

ಇನ್ನೊಂದು, ತೋಟಕ್ಕೆ ಮದ್ದು ಬಿಡುವ ದಿನ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತು ಇರುತ್ತದೆ, ಅದು ನಾಯಿಗೆ ವಿಷ. ಡ್ರಮ್ಮಿಗೆ ಮುಚ್ಚಳ ಬೇಕೇ ಬೇಕು, ಹನಿ ಆರುವವರೆಗೆ ನಾಯಿ ಒಳಗಿರಲಿ.

ಪಶುವೈದ್ಯ_ಕುಂಬಳೆ:
ಉಣ್ಣಿ ಜ್ವರದ ಬಗ್ಗೆ ಸೇರಿಸುತ್ತೇನೆ. ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಹರಡುವ ಬ್ಯಾಕ್ಟೀರಿಯಾ ಎರ್ಲಿಕಿಯಾಕ್ಕೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಡುತ್ತೇವೆ, ಉಣ್ಣಿಯಿಂದಲೇ ಬರುವ ರಕ್ತದ ಪರಾವಲಂಬಿ ಬೆಬೀಸಿಯಾದ ಮದ್ದೇ ಬೇರೆ. ಮೆಡಿಕಲ್‌ನಿಂದ ತಂದು ಅಂದಾಜಿನಲ್ಲಿ ಕೊಡಬೇಡಿ.

ತೋಟದಮನೆ:
ಹಾಗಾದರೆ ಸ್ಪಿಟ್ಜ್. ಮರಿ ತರುವಾಗ ಏನು ನೋಡಬೇಕು?

ಪಶುವೈದ್ಯ_ಕುಂಬಳೆ:
ಎಂಟು ವಾರ ತುಂಬದ ಮರಿ ಬೇಡ. ಕೆಲವರು 35 ದಿನಕ್ಕೇ ಕೊಡುತ್ತಾರೆ. ಅದು ಕಚ್ಚುವ ಮಿತಿಯನ್ನು ತಾಯಿ, ಒಡಹುಟ್ಟುಗಳಿಂದ ಕಲಿತಿರುವುದಿಲ್ಲ, ಪಾರ್ವೋ ಎಂಬ ವಾಂತಿಭೇದಿಯ ವೈರಸ್‌ ರೋಗಕ್ಕೂ ಸುಲಭದ ತುತ್ತು. ತಾಯಿಯನ್ನು ಕಣ್ಣಾರೆ ನೋಡಿ. ಪಾರ್ವೋ, ಡಿಸ್ಟೆಂಪರ್ ಲಸಿಕೆ 6–8 ವಾರದಿಂದ ಶುರು ಮಾಡಿ 16 ವಾರದವರೆಗೆ 3–4 ವಾರಕ್ಕೊಮ್ಮೆ, ರೇಬೀಸ್ ಮೂರು ತಿಂಗಳಿಗೆ. ಗದ್ದೆ, ತೋಡು, ಹೆಗ್ಗಣ ಇರುವ ಊರಿನಲ್ಲಿ ಲೆಪ್ಟೋ (ಇಲಿಜ್ವರ) ಲಸಿಕೆಯ ಎರಡು ಡೋಸ್ ತಪ್ಪಿಸಬೇಡಿ. ಇಲಿಜ್ವರ ನಾಯಿಯಿಂದ ಮನುಷ್ಯರಿಗೂ ಹರಡುತ್ತದೆ. ರೇಬೀಸ್ ಲಸಿಕೆಯ ಚೀಟಿ ಜೋಪಾನ, ಪಂಚಾಯತ್ ಲೈಸೆನ್ಸಿಗೆ ಅದು ಬೇಕು.

ಬೆಳೆದ ಮೇಲೆ 6 ಕೆಜಿ ನಾಯಿಗೆ ದಿನಕ್ಕೆ ಸುಮಾರು 100 ಗ್ರಾಂ ಒಣ ಆಹಾರ, ಎರಡು ಹೊತ್ತಿಗೆ. ಬರೀ ಕುಚ್ಚಲಕ್ಕಿ ಗಂಜಿಯಲ್ಲಿ ಪ್ರೋಟೀನ್ ಸಾಲದು, ಒಣಮೀನಿನಲ್ಲಿ ಉಪ್ಪು ಹೆಚ್ಚು. ದ್ರಾಕ್ಷಿ, ಈರುಳ್ಳಿ ಬೇಡ. ಪಾಯಸ ಉಳಿದರೆ ಅದರಲ್ಲಿ ಒಣದ್ರಾಕ್ಷಿ ಇರುತ್ತದೆಂದು ಅಮ್ಮನಿಗೆ ಮೊದಲೇ ಹೇಳಿಡಿ.