ಅಕ್ಕಿ ಗಿರಣಿಯ ಕಂಪ್ಯೂಟರ್‌ನಲ್ಲಿ ಜಾವಾ ಇಲ್ಲ, ತಂತ್ರಾಂಶ ಕೊಡುವುದು ಹೇಗೆ?

ಗಂಗಾವತಿ ಕಾಟಾ:
ಇಲ್ಲಿನ ಅಕ್ಕಿ ಗಿರಣಿಗಳಿಗಾಗಿ ಭತ್ತದ ಲಾರಿಗಳ ತೂಕದ ಚೀಟಿ ಮುದ್ರಿಸುವ ತಂತ್ರಾಂಶ ಬರೆದಿದ್ದೇನೆ. ಜಾವಾ 17, ಪರದೆಗಳಿಗೆ ಸ್ವಿಂಗ್, ದತ್ತಾಂಶ ಇಡಲು ಎಸ್‌ಕ್ಯೂಲೈಟ್. ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತದೆ. ಗಿರಣಿಯ ವಿಂಡೋಸ್ ಯಂತ್ರದಲ್ಲಿ ಜಾರ್ ಕಡತವನ್ನು (ಜಾವಾ ತಂತ್ರಾಂಶದ ಕಟ್ಟು) ಕ್ಲಿಕ್ ಮಾಡಿದರೆ ಜಿಪ್ ಕಡತ ಬಿಚ್ಚುವ ವಿನ್‌ರಾರ್ ತೆರೆದುಕೊಳ್ಳುತ್ತದೆ! ಸುಗ್ಗಿಯಲ್ಲಿ ಚಹಾ ಕುಡಿಯಲೂ ಬಿಡುವಿಲ್ಲದ ಗುಮಾಸ್ತರಿಗೆ ‘ಮೊದಲು ಜಾವಾ ಹಾಕಿಕೊಳ್ಳಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದೇ ಸೆಟಪ್ ಕಡತ ಕೊಡಬಹುದೇ?

ಬಳ್ಳಾರಿ ಬಿಸಿಲು:
ಹಾಗೆ ಹೇಳುವ ಅಗತ್ಯವೇ ಇಲ್ಲ. ನಿಮ್ಮ ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 17ರಲ್ಲೇ ಸೆಟಪ್ ಕಟ್ಟುವ ಜೆಪ್ಯಾಕೇಜ್ ಎಂಬ ಸಾಧನ ಇದೆ. 14ರಲ್ಲಿ ಪ್ರಾಯೋಗಿಕವಾಗಿ ಬಂದದ್ದು 16ರಲ್ಲಿ ಕಾಯಂ ಆಯಿತು. ನಿಮ್ಮ ಜಾರ್ ಜೊತೆಗೆ ಜಾವಾವನ್ನೂ ಸೇರಿಸಿ ಕಟ್ಟಿ, ಎಂಎಸ್‌ಐ ಅಥವಾ ಇಎಕ್ಸ್‌ಇ ಸೆಟಪ್ ಕಡತ ಮಾಡಿಕೊಡುತ್ತದೆ.

ಆದರೆ ಉಬುಂಟುವಿನಲ್ಲಿ ಕುಳಿತು ವಿಂಡೋಸ್ ಸೆಟಪ್ ತಯಾರಿಸಲು ಆಗದು. ಯಾರದಾದರೂ ವಿಂಡೋಸ್ ಯಂತ್ರ ಹಿಡಿಯಿರಿ, ಅದರಲ್ಲಿ ವಿಂಡೋಸ್ ಸೆಟಪ್ ಕಟ್ಟಲು ಬೇಕಾಗುವ ವಿಕ್ಸ್ ಟೂಲ್‌ಸೆಟ್‌ನ 3ನೇ ಆವೃತ್ತಿಯೂ ಇರಲಿ. ವಿಕ್ಸ್ ಬೇಡವೆಂದರೆ ‘ಆಪ್-ಇಮೇಜ್’ ಬಗೆಯನ್ನು ಆರಿಸಿ. ಸೆಟಪ್ ಬದಲು ನೇರವಾಗಿ ಓಡುವ ಫೋಲ್ಡರ್ ಸಿಗುತ್ತದೆ, ಪೆನ್‌ಡ್ರೈವ್‌ನಲ್ಲಿ ಒಯ್ದು ನಕಲು ಮಾಡಿದರಾಯಿತು.

ಎಸ್‌ಕ್ಯೂಲೈಟ್ ಕಡತ ಎಲ್ಲಿಟ್ಟಿದ್ದೀರಿ? ತಂತ್ರಾಂಶದ ಪಕ್ಕದಲ್ಲೇ ಇಟ್ಟಿದ್ದರೆ ಈಗಲೇ ಎತ್ತಿಬಿಡಿ. ಸೆಟಪ್ ಎಲ್ಲವನ್ನೂ ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಕುತ್ತದೆ, ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇರುವುದಿಲ್ಲ. ಬಳಕೆದಾರರ ಆಪ್‌ಡೇಟಾ ಫೋಲ್ಡರ್ ಸರಿಯಾದ ಜಾಗ. ಇನ್ನೊಂದು: ಅಪ್‌ಗ್ರೇಡ್ ಯುಯುಐಡಿಯನ್ನು (ಎಲ್ಲ ಆವೃತ್ತಿಗಳೂ ಒಂದೇ ತಂತ್ರಾಂಶದವೆಂದು ವಿಂಡೋಸ್‌ಗೆ ತಿಳಿಸುವ ಗುರುತು) ಮೊದಲ ದಿನವೇ ಗೊತ್ತುಮಾಡಿ, ಮುಂದೆ ಎಂದೂ ಬದಲಿಸಬೇಡಿ. ಬದಲಾದರೆ ಹಳೆಯ ಆವೃತ್ತಿ ಹೋಗದೆ ಹೊಸದರ ಜೊತೆಗೇ ಕುಳಿತಿರುತ್ತದೆ. ಗುಮಾಸ್ತರು ಯಾವುದನ್ನು ತೆರೆಯುತ್ತಾರೋ ದೇವರೇ ಬಲ್ಲ.

ಗಂಗಾವತಿ ಕಾಟಾ:
ಎಂಎಸ್‌ಐ ಆಯಿತು, ಧನ್ಯವಾದ. ಗಾತ್ರ ಇಳಿಸಲು, ಕೋಡ್‌ಗೆ ಜಾವಾದ ಯಾವ ಭಾಗಗಳು (ಮಾಡ್ಯೂಲ್) ಬೇಕೆಂದು ಹುಡುಕುವ ಜೆಡೆಪ್ಸ್ ತೋರಿಸಿದ ಮಾಡ್ಯೂಲ್‌ಗಳನ್ನಷ್ಟೇ ಸೇರಿಸಿದೆ. ಈಗ ಚೀಟಿಯಲ್ಲಿ ‘ನವೆಂಬರ್’ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿದೆ. ಮಿಕ್ಕ ಕನ್ನಡ ಸರಿಯಾಗಿದೆ.

ರಾಯಚೂರು ಹತ್ತಿ:
ಅದು ಫಾಂಟ್ ದೋಷವಲ್ಲ. ಮಾಡ್ಯೂಲ್‌ಗಳ ಪಟ್ಟಿಗೆ ‘ಜೆಡಿಕೆ.ಲೊಕೇಲ್‌ಡೇಟಾ’ ಸೇರಿಸಿ. ಕನ್ನಡದ ತಿಂಗಳು, ವಾರಗಳ ಹೆಸರುಗಳೆಲ್ಲ ಅದರಲ್ಲಿವೆ. ನಿಮ್ಮ ಕೋಡ್ ಅದನ್ನು ನೇರವಾಗಿ ಕರೆಯುವುದಿಲ್ಲವಾದ್ದರಿಂದ ಜೆಡೆಪ್ಸ್‌ಗೆ ಅದು ಕಾಣುವುದಿಲ್ಲ. ಗಾತ್ರದ ಚಿಂತೆಯಿದ್ದರೆ, ಬೇಕಾದ ಮಾಡ್ಯೂಲ್‌ಗಳಿಂದ ಜಾವಾ ಕಟ್ಟುವ ಜೆಲಿಂಕ್ ಸಾಧನದ ಆಯ್ಕೆಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೇ ಲೊಕೇಲ್ (ಭಾಷಾ ಮಾಹಿತಿ) ಸಾಕೆಂದು ಸೂಚಿಸಿ.

ಬಳ್ಳಾರಿ ಬಿಸಿಲು:
ಗಿರಣಿಗೆ ಕೊಡುವ ಮುನ್ನ ಒಂದು ಮಾತು. ಡಿಜಿಟಲ್ ಸಹಿ ಇಲ್ಲದ ಸೆಟಪ್ ಅನ್ನು ಅಂತರ್ಜಾಲದಿಂದ ಇಳಿಸಿಕೊಂಡರೆ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಕೊಡಬಹುದು. ಮಾಲೀಕರಿಗೆ ಮೊದಲೇ ತಿಳಿಸಿಡಿ, ಇಲ್ಲವಾದರೆ ವೈರಸ್ ತಂದಿರಿ ಎಂದು ಕಾಟಾ ಮುಂದೆಯೇ ಪಂಚಾಯಿತಿ ಸೇರಿಸುತ್ತಾರೆ.