ಅದಿರು ಶುದ್ಧ ವಸ್ತುವೋ, ಮಿಶ್ರಣವೋ? ಮನೆಯಲ್ಲಿ ಜಗಳ ಹತ್ತಿದೆ

ಸಂಡೂರು ಟಿಪ್ಪರ್:
ಎಲ್ಲರಿಗೂ ನಮಸ್ಕಾರ. ನಾನು ಸಂಡೂರಿನವನು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವವರೆಗೂ ಅದಿರಿನ ಟಿಪ್ಪರ್ ಓಡಿಸುತ್ತಿದ್ದೆ. ಈಗ ಕಿರಾಣಿ ಅಂಗಡಿ. ಮಗಳು ಒಂಬತ್ತನೇ ಕ್ಲಾಸು.

ಮೊನ್ನೆ ಅವಳ ಪರೀಕ್ಷೆಯಲ್ಲಿ ಒಂದು ಪಟ್ಟಿ ಕೊಟ್ಟು, ಯಾವುದು ಶುದ್ಧ ವಸ್ತು, ಯಾವುದು ಮಿಶ್ರಣ ಬರೆಯಿರಿ ಎಂದು ಕೇಳಿದ್ದರು. ಹಾಲು, ಸಕ್ಕರೆ, ಗಾಳಿ, ಕಬ್ಬಿಣದ ಅದಿರು. ಹಾಲಿನ ಅಂಕ ಹೋಗಿದ್ದು ನನ್ನಿಂದಲೇ. ನಮ್ಮ ಅಂಗಡಿ ಹಾಲಿಗೆ ಹನಿ ನೀರು ಬೆರೆಸಲ್ಲ, ಶುದ್ಧ ಅಂತ ಬರಿ ಎಂದು ಹಿಂದಿನ ದಿನ ಹೇಳಿಕೊಟ್ಟಿದ್ದೆ! ಅದಿರಿನದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಅದಿರು ಅಂದರೆ ಹೆಮಟೈಟ್ ಎಂಬ ಖನಿಜ, ಹೆಮಟೈಟ್ ಸಂಯುಕ್ತ, ಸಂಯುಕ್ತ ಶುದ್ಧ ವಸ್ತು. ಹಾಗಂತ ಬರೆದಳು. ಮೇಡಂ ತಪ್ಪು ಹಾಕಿ ಮಿಶ್ರಣ ಅಂದರು.

ಅವಳು ಬಿಡುವ ಪೈಕಿ ಅಲ್ಲ. ಹಳೆ ಸ್ಪೀಕರ್ ಬಿಚ್ಚಿ ಅಯಸ್ಕಾಂತ ತೆಗೆದು ಹಿತ್ತಲಲ್ಲಿ ಬಿದ್ದಿದ್ದ ಅದಿರಿನ ಕಲ್ಲಿಗೆ ಹಿಡಿದಳು. ಅಂಟಲೇ ಇಲ್ಲ. "ಇದರಲ್ಲಿ ಕಬ್ಬಿಣವೇ ಇಲ್ವಲ್ಲಪ್ಪಾ" ಅಂತಾಳೆ. ಹಾಗಾದರೆ ಅಷ್ಟು ವರ್ಷ ನಾನು ಹೊತ್ತಿದ್ದು ಏನು? ತಿಳಿದವರು ಹೇಳಿ.

ರಾಯಚೂರು ಮೇಷ್ಟ್ರು:
ಅಣ್ಣಾರೇ, ಮಗಳು ಅರ್ಧ ಸರಿ. ಹೆಮಟೈಟ್ ಸಂಯುಕ್ತವೇ, ಅಂದರೆ ಗೊತ್ತಾದ ಪ್ರಮಾಣದಲ್ಲೇ ಧಾತುಗಳು ರಾಸಾಯನಿಕವಾಗಿ ಕೂಡಿ ಆದ ಒಂದೇ ವಸ್ತು. ಎರಡು ಕಬ್ಬಿಣದ ಪರಮಾಣುವಿಗೆ ಮೂರು ಆಮ್ಲಜನಕ. ತೂಕದಲ್ಲಿ ಲೆಕ್ಕ ಹಾಕಿದರೆ ನೂರಕ್ಕೆ 69.9 ಭಾಗ ಕಬ್ಬಿಣ. ಸಂಡೂರಿನದ್ದಾಗಲಿ, ಬ್ರೆಜಿಲ್‌ನದ್ದಾಗಲಿ, ಹೆಮಟೈಟ್ ಅಂದಮೇಲೆ ಅಷ್ಟೇ.

ಈಗ ನೀವು ನೆನಪು ಮಾಡಿಕೊಳ್ಳಿ. ಲೋಡಿನ ಜೊತೆ, ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಎಷ್ಟು ಎಂಬ ಲ್ಯಾಬ್ ಚೀಟಿ ಬರುತ್ತಿತ್ತಲ್ವಾ? ಎಲ್ಲದರಲ್ಲೂ ಒಂದೇ ಅಂಕಿ ಇತ್ತಾ? ಒಂದು ಸಲ 58, ಇನ್ನೊಂದು ಸಲ 64 ಇದ್ದರೆ ಅಲ್ಲಿಗೆ ಮುಗಿಯಿತು, ಅದು ಮಿಶ್ರಣ. ಹೆಮಟೈಟ್ ಜೊತೆಗೆ ಮಣ್ಣು, ಸಿಲಿಕಾ, ಅಲ್ಯೂಮಿನಾ, ತೇವ ಎಲ್ಲ ಇರುತ್ತದೆ. ಎಷ್ಟಿರಬೇಕು ಎಂದು ಅವಕ್ಕೆ ಕಟ್ಟುಪಾಡಿಲ್ಲ.

ಅಯಸ್ಕಾಂತದ ಪ್ರಯೋಗ ನನಗೆ ಬಹಳ ಹಿಡಿಸಿತು. ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದು ಕೆಮ್ಮಣ್ಣಿನಲ್ಲಿ ಕಲಸಿ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಎದ್ದು ಬರುತ್ತದೆ. ಅದು ಮಿಶ್ರಣ, ಕಬ್ಬಿಣ ಕಬ್ಬಿಣವಾಗಿಯೇ ಉಳಿದಿದೆ. ಹೆಮಟೈಟ್‌ನಲ್ಲಿ ಅದು ಆಮ್ಲಜನಕದ ಜೊತೆ ಕೂಡಿ ಬೇರೆಯೇ ವಸ್ತುವಾಗಿದೆ, ಹಳೆಯ ಗುಣ ತೋರಿಸಲ್ಲ. ಅದಿರು ತೊಳೆದರೆ ಮಣ್ಣು ಹೋಗುತ್ತದೆ. ಆಮ್ಲಜನಕ ಬಿಡಿಸಬೇಕಾದರೆ ತೋರಣಗಲ್ಲಿನಲ್ಲಿ ಇದೆಯಲ್ಲ, ಅಂಥ ಊದುಕುಲುಮೆ, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಬೆಂಕಿ ಎಲ್ಲ ಬೇಕು.

ಹಾಲಿಗೆ ಒಂದೇ ಮಾತು. ಅಂಗಡಿಯಲ್ಲಿ ಶುದ್ಧ ಅಂದರೆ ಕಲಬೆರಕೆ ಇಲ್ಲದ್ದು. ರಸಾಯನಶಾಸ್ತ್ರದಲ್ಲಿ ಶುದ್ಧ ಅಂದರೆ ಒಂದೇ ವಸ್ತು ಇರುವುದು. ಎಮ್ಮೆ ಕೊಟ್ಟ ಹಾಲಲ್ಲೇ ನೀರು, ಕೊಬ್ಬು, ಪ್ರೋಟೀನು, ಸಕ್ಕರೆ ಇವೆ. ನೀವು ಬೆರೆಸದಿದ್ದರೂ ಎಮ್ಮೆ ಬೆರೆಸಿದೆ.

ಕೊಪ್ಪಳದ ಪತ್ತಾರ:
ಮೇಷ್ಟ್ರೇ, ಒಂದು ತಕರಾರು. ನಾನು ಚಿನ್ನದ ಕೆಲಸದವನು. 916 ಅಂದರೆ ಸಾವಿರಕ್ಕೆ 916 ಭಾಗ ಚಿನ್ನ. ಕೊಪ್ಪಳದಲ್ಲೂ ಅಷ್ಟೇ, ಮುಂಬೈಯಲ್ಲೂ ಅಷ್ಟೇ. ನಿಮ್ಮ ಲೆಕ್ಕದಲ್ಲಿ ಅದೂ ಶುದ್ಧ ವಸ್ತುವೇ ಆಯಿತಲ್ಲ?

ಇನ್ನೊಂದು. ಮಿಶ್ರಣವನ್ನು ಸೋಸಿ, ಆರಿಸಿ, ಕಾಯಿಸಿ ಬಿಡಿಸಬಹುದು ಅಂತ ಶಾಲೆಯಲ್ಲಿ ಕಲಿತಿದ್ದೆ. ಹಳೆ ಒಡವೆಯನ್ನು ಸೋಸಿ ನೋಡಿ! ಅದರಿಂದ ಚೊಕ್ಕ ಚಿನ್ನ ತೆಗೆಯಬೇಕಾದರೆ ನಾವು ಬೆಳ್ಳಿ ಹೆಚ್ಚು ಸೇರಿಸಿ ಕರಗಿಸಿ, ತೆಳ್ಳಗೆ ತಟ್ಟಿ, ನೈಟ್ರಿಕ್ ಆಸಿಡ್‌ಗೆ ಹಾಕುತ್ತೇವೆ. ಬೆಳ್ಳಿ, ತಾಮ್ರ ಆಸಿಡ್‌ನಲ್ಲಿ ಹೋಗುತ್ತವೆ, ಚಿನ್ನ ತಳದಲ್ಲಿ ಉಳಿಯುತ್ತದೆ. ಇದು ರಾಸಾಯನಿಕ ಕ್ರಿಯೆ ಅಲ್ವಾ?

ರಾಯಚೂರು ಮೇಷ್ಟ್ರು:
ಪತ್ತಾರರೇ, ಸರಿಯಾದ ಕಡೆ ಹಿಡಿದಿರಿ. 916 ಎಂದು ಗೊತ್ತು ಮಾಡಿದ್ದು ಮನುಷ್ಯ. ಗಿರಾಕಿ 18 ಕ್ಯಾರೆಟ್ ಕೇಳಿದರೆ ನೀವು 750ಕ್ಕೆ ಇಳಿಸುತ್ತೀರಿ, 800 ಮಾಡಿ ಅಂದರೂ ಆಗುತ್ತದೆ. ಎಷ್ಟು ಬೇಕಾದರೂ ಬೆರೆಸಬಹುದಾದದ್ದು ಮಿಶ್ರಣ. ಹೆಮಟೈಟ್‌ನಲ್ಲಿ 69.9 ಬದಲು 65 ಇರಲಿ ಅಂತ ಯಾರೂ ಆರ್ಡರ್ ಕೊಡಲು ಆಗಲ್ಲ.

ಎರಡನೆಯದು ನಿಜವಾದ ತೊಡಕು, ಒಪ್ಪುತ್ತೇನೆ. ಸೋಸಿ ಬಿಡಿಸುವ ಮಾತು ಮಿಶ್ರಲೋಹಕ್ಕೆ ಹೊಂದಲ್ಲ. ಆದರೂ ಅದನ್ನು ಮಿಶ್ರಣವೆಂದೇ ಎಣಿಸುತ್ತಾರೆ. ಪ್ರಮಾಣ ಬದಲಾಗುತ್ತದೆ, ಬೆರೆತ ಲೋಹಗಳ ಗುಣವೂ ಕಾಣುತ್ತದೆ. ತಾಮ್ರ ಜಾಸ್ತಿಯಾದರೆ ಒಡವೆ ಕೆಂಪಗಾಗುವುದಿಲ್ಲವೇ? ಚೊಕ್ಕ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಾಮ್ರ, ಬೆಳ್ಳಿ ಬೆರೆಸಿದ ನಿಮ್ಮ 22 ಕ್ಯಾರೆಟ್ ಅದಕ್ಕಿಂತ ಕಡಿಮೆ ಬಿಸಿಗೇ ಮೆತ್ತಗಾಗುತ್ತಾ ಹೋಗುತ್ತದೆ.

ಕೊಪ್ಪಳದ ಪತ್ತಾರ:
ಅದು ಹೌದು. ಚೊಕ್ಕದ್ದಕ್ಕೆ ಬೆಂಕಿ ಜಾಸ್ತಿಯೇ ಬೇಕು.

ಸಂಡೂರು ಟಿಪ್ಪರ್:
ಮೇಷ್ಟ್ರೇ, ನಿಮ್ಮ ಮಾತು ಓದಿ ಟ್ರಂಕು ಕೆಳಗಿಳಿಸಿದೆ. ಟಿಪ್ಪರಿನ ಹಳೆ ಕಾಗದದ ನಡುವೆ ಮೂರು ಚೀಟಿ ಸಿಕ್ಕವು. 61.8, 63.2, 59.5. ಮೂರೂ ಬೇರೆ. ಮಗಳು ಸುಮ್ನೆ ನೋಡಿದಳು. ಮಿಶ್ರಣ ಎಂದು ಒಪ್ಪಿದಳು, ಮೇಡಂಗೆ ಚೀಟಿ ತೋರಿಸುತ್ತಾಳಂತೆ.

ಅಷ್ಟಕ್ಕೆ ಬಿಟ್ಟಳಾ? ಕ್ಯಾಲ್ಕುಲೇಟರ್ ತಂದು 61.8ನ್ನು 69.9ರಿಂದ ಭಾಗಿಸಿದಳು. ಇರುವ ಕಬ್ಬಿಣವೆಲ್ಲ ಹೆಮಟೈಟ್‌ನದ್ದೇ ಅಂತ ಹಿಡಿದರೂ ಲೋಡಿನಲ್ಲಿ ಹೆಮಟೈಟ್ ನೂರಕ್ಕೆ 88 ಚಿಲ್ಲರೆ. ಉಳಿದದ್ದು ಮಣ್ಣು, ಮತ್ತೊಂದು. "ಅಪ್ಪಾ, ಹದಿನಾರು ಟನ್ ಲೋಡಿನಲ್ಲಿ ಹೆಚ್ಚುಕಡಿಮೆ ಎರಡು ಟನ್ ಸುಮ್ನೆ ಹೊತ್ತಿದೀಯ" ಅಂದಳು. ಆ ಎರಡು ಟನ್ನಿನ ಡೀಸೆಲ್ ಲೆಕ್ಕ ಈಗ ನನ್ನ ಹೆಂಡತಿ ಹಾಕುತ್ತಿದ್ದಾಳೆ.